ಕಾಕಾನ ನೆರಳಿನ ಮೋಜಣಿ

‘ಬೈಲಹೊಂಗಲದಲ್ಲಿ ನಿಮ್ಮ ಕಾಕಾನ ಆಸ್ತಿ ಎಷ್ಟಿದೆ?’ ಎಂದು ಯಾರಾದರೂ ಕೇಳಿದರೆ ನಾನು ‘ಎಷ್ಟು ಗಂಟೆಗೆ?’ ಎಂದು ತಿರುಗಿ ಕೇಳಬೇಕಾಗುತ್ತದೆ. ಮುಂಜಾನೆ ಎಂಟಕ್ಕೆ ಅದು ಅರ್ಧ ಊರಿನಷ್ಟಿರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಚಾಪೆ ಹಾಸುವಷ್ಟೂ ಉಳಿಯುವುದಿಲ್ಲ. ಸಂಜೆ ಐದಾದರೆ ಮತ್ತೆ ಹಿಗ್ಗಿ, ಊರ ಅಗಸಿ ದಾಟಿ, ಮಂದಿಯ ಹೊಲಕ್ಕೇ ನುಗ್ಗಿರುತ್ತದೆ! ಇಂಥ ಆಸ್ತಿಗೆ ಪಹಣಿ ಉತಾರ ಇಲ್ಲ, ಪಾಲು ವಾಟ್ನಿ ಇಲ್ಲ, ಅಣ್ಣತಮ್ಮಂದಿರ ಕೋರ್ಟು ಕಚೇರಿಯೂ ಇಲ್ಲ. ನಮ್ಮ ಕಾಕಾ ಬೈಲಹೊಂಗಲದ ಅಷ್ಟೂ ನೆರಳಿನ ಯಜಮಾನರು.

ಕಾಕಾ ಎಂದರೆ ನಮ್ಮಪ್ಪನ ಬೆನ್ನಿಗೆ ಬಿದ್ದ ತಮ್ಮ. ನೌಕರಿಯಲ್ಲಿದ್ದಾಗ ಭೂಮಿ ಮೋಜಣಿ ಮಾಡುತ್ತಿದ್ದರು. ಸರಪಳಿ ಹಿಡಿದು ಮಂದಿಯ ಹೊಲ ಅಳೆಯುವುದು, ನಕಾಶೆ ತೆಗೆಯುವುದು, ಗಡಿಯ ಬಾಂದಗಲ್ಲು ಎಲ್ಲಿತ್ತು ಎಂದು ತೋರಿಸಿ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು, ಇದು ಅವರ ಕೆಲಸ. ರಾಮದುರ್ಗದ ಕಡೆಯ ಸಾಲಹಳ್ಳಿಯಿಂದ ಹಿಡಿದು ಇತ್ತ ಮುರಗೋಡದವರೆಗೆ ಅವರು ತುಳಿಯದ ಬದುವಿಲ್ಲ. ಮೂವತ್ತು ವರ್ಷ ಎರೆಹೊಲದ ಬಿಸಿಲನ್ನು ಬೋಳು ತಲೆಯ ಮೇಲೆ ಹೊತ್ತ ಈ ಮನುಷ್ಯ ನಿವೃತ್ತರಾದ ಮೇಲೆ ಬಿಸಿಲಿಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಹಟ ಹಿಡಿದರು. ಏಳು ವರ್ಷ ಇಡಲೂ ಇಲ್ಲ.

ಬಿಸಿಲಿಗೆ ಹೆಜ್ಜೆ ಇಡದೆ ಊರಲ್ಲಿ ತಿರುಗಾಡುವುದು ಹೇಗೆ ಎನ್ನುತ್ತೀರಾ? ಕಾಕಾ ನಡೆಯುವುದನ್ನು ನೋಡಬೇಕು! ಈ ಮನೆಯ ಗೋಡೆಗೆ ಅಂಟಿಕೊಂಡು ಹತ್ತು ಹೆಜ್ಜೆ, ಅಲ್ಲಿಂದ ಆಚೆ ಬದಿಯ ಬೇವಿನ ಮರಕ್ಕೆ ಒಂದು ಜಿಗಿತ, ಮರದಿಂದ ಅಂಗಡಿಯ ತಾಡಪತ್ರಿಗೆ ಇನ್ನೊಂದು. ನಡುವೆ ನೆರಳು ಕಡಿದುಹೋದರೆ ಅಲ್ಲೇ ನಿಲ್ಲುತ್ತಾರೆ. ಯಾವುದಾದರೂ ಲಾರಿ ಬಂದರೆ ಅದರ ನೆರಳಿನೊಳಗೆ ಸೇರಿಕೊಂಡು ದಾಟುತ್ತಾರೆ. ಒಮ್ಮೆ ಹೀಗೇ ಕೊತ್ತಂಬರಿ ತರಲು ಹೋದವರಿಗೆ ಕಣಕಿ ತುಂಬಿದ ಟ್ರ್ಯಾಕ್ಟರ್ ಒಂದು ಸಿಕ್ಕಿತು. ಮಾಳಿಗೆಯೆತ್ತರದ ಮೇವು, ಮಂದವಾದ ನೆರಳು, ಎತ್ತಿನ ಬಂಡಿಯಂತೆ ಸಾವಕಾಶ ಹೋಗುವ ಗಾಡಿ! ಕಾಕಾ ಅದರ ಪಕ್ಕದಲ್ಲೇ ಏನೋ ಕನಸು ಕಾಣುತ್ತ ನಡೆದರು. ಎಚ್ಚರವಾದಾಗ ಊರು ಹಿಂದೆ ಉಳಿದಿತ್ತು, ಎರಡೂ ಬದಿಗೆ ಕಬ್ಬಿನ ಗದ್ದೆ ಬಂದಿತ್ತು. ಕೊತ್ತಂಬರಿ ತರಲು ಹೋದವರು ಮುರಗೋಡದ ಕಡೆಯಿಂದ ಬರುವ ಬಸ್ಸಿನಲ್ಲಿ ಕುಳಿತು ಮನೆಗೆ ಬಂದರು, ಕೊತ್ತಂಬರಿ ಇಲ್ಲದೆ.

ನಾನು ಸವದತ್ತಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಸೂಟಿ ಸಿಕ್ಕರೆ ಬಸ್ಸು ಹತ್ತಿ ಕಾಕಾನ ಮನೆಗೆ ಬರುವುದು ನನ್ನ ಹಳೆಯ ರೂಢಿ. ಅರ್ಧ ಕಾಕಾನ ಮಾತಿಗೆ, ಅರ್ಧ ಅವರ ಹೆಂಡತಿ, ನಮ್ಮ ಕಾಕುವಿನ ಕೈಯ ಬದನೆಕಾಯಿ ಎಣಗಾಯಿಗೆ. ಆ ಎಣಗಾಯಿಯಿಂದಲೇ ಈ ನೆರಳಿನ ಕಥೆ ಶುರುವಾದದ್ದು.

ನಮ್ಮ ಕಾಕು ಸಂತೆಯ ಹುಲಿ. ಬದನೆಕಾಯಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ತಿರುವಿದರೆ ಸಾಕು, ಅದು ಯಾವ ಹೊಲದ್ದು, ಎಂದು ಹರಿದದ್ದು, ಒಳಗೆ ಯಾರು ವಾಸವಾಗಿದ್ದಾರೆ ಎಲ್ಲ ಹೇಳುತ್ತಿದ್ದಳು. ಕಾಕಾ ನಿವೃತ್ತರಾದ ವರ್ಷವೇ ಅವಳಿಗೆ ಒಂದು ಕಾಯಿಲೆ ಬಂತು. ಬಿಸಿಲಿಗೆ ಹೋದರೆ ಸಾಕು, ಮುಖ ಕೈ ಎಲ್ಲ ಕೆಂಪಗೆ ದದ್ದು ಎದ್ದು ಉರಿ. ಡಾಕ್ಟರು ಔಷಧ ಕೊಟ್ಟು, ‘ಬಿಸಲಾಗ ಅಡ್ಡಾಡಬ್ಯಾಡ್ರಿ’ ಎಂದು ಹೇಳಿ ಕಳಿಸಿದರು. ಸಂತೆಗೆ ಹೋಗುವ ಪಾಳಿ ಕಾಕಾನದಾಯಿತು. ಅಳೆದ ಹೊಲಗಳಲ್ಲಿ ಬದನೆ ನೋಡಿದ್ದರೇ ಹೊರತು ಕೊಂಡವರಲ್ಲ. ಮೊದಲ ದಿನ ಅವರು ತಂದ ಚೀಲ ಬಿಚ್ಚಿ ಕಾಕು ಒಂದು ಕಾಯಿ ಸೀಳಿದಳು. ಒಳಗಿನಿಂದ ಹುಳ ಹೊರಗೆ ಬಂದು ಅಂಗಳ ನೋಡಿತು.

“ಇದರಾಗ ನಾವು ಉಣ್ಣೂ ಪಾಲೆಷ್ಟು, ಹುಳದ ಪಾಲೆಷ್ಟು ಅಂತ ಮೋಜಣಿ ಮಾಡಿ ತಂದೀರೇನ್ರಿ?”

“ಮ್ಯಾಲೆ ಛಲೋ ಕಂಡ್ವು.”

“ಮ್ಯಾಲೆ ನೀವೂ ಛಲೋ ಕಾಣ್ತೀರಿ.”

ಪಾಪ, ಕಾಕಾ ಉಪಾಯಗಳನ್ನು ಹೇಳಿದರು. ಛತ್ರಿ ಹಿಡಿದುಕೊಂಡು ನೀನೇ ಹೋಗು ಎಂದರು. ಕಾಕುವಿಗೆ ಮೊದಲೇ ಮೊಣಕಾಲು ನೋವು.

“ಒಂದ ಕೈಯಾಗ ಕೋಲು, ಒಂದ ಕೈಯಾಗ ಚೀಲ. ಛತ್ರಿ ಏನ ತಲ್ಯಾಗ ನೆಟ್ಕೊಳ್ಳಲೇನ್ರಿ?”

“ನಾ ಜೋಡಿ ಬರತೇನಿ. ನಾನ ಹಿಡೀತೇನಿ ಛತ್ರಿ.”

“ನೀವು ಬಂದ್ರ ಆತು ಬಿಡ್ರಿ! ಕಾಯಿ ಮಾರೂ ಮುದುಕಿಗೆ ನಿನ್ನ ಹೊಲ ಎಷ್ಟ ಎಕರೆ, ಬಾಂದಗಲ್ಲು ಎಲ್ಲೈತಿ ಅಂತ ಕೇಳಕೋತ ನಿಂದರತೀರಿ. ಅಷ್ಟರಾಗ ಸಂತಿ ಎದ್ದಿರತೈತಿ.”

“ಹಂಗಾರ ಆಟೋ ತರಸ್ತೇನಿ.”

“ಆಟೋದಾಗ ಹೋದ್ರ ದವಾಖಾನಿಗೆ ಹೋದಂಗ ಆಗತೈತಿ. ಸಂತಿಗೆ ಹೋಗೂದಂದ್ರ ದಾರ್ಯಾಗ ನಾಕ ಮಂದಿ ಮಾತಾಡಸಬೇಕು, ನಾಕ ಕಟ್ಟಿ ಮ್ಯಾಲ ಕುಂದರಬೇಕು. ಮನಿಯಿಂದ ಸಂತಿತನಕ ನೆರಳಾಗ ನಡಕೋತ ಹೋಗೂ ದಾರಿ ಇದ್ರ ಹೋಗತೇನಿ. ಇಲ್ಲಾಂದ್ರ ಮನ್ಯಾಗ ಇರತೇನಿ.”

ಬೇರೆ ಗಂಡಸಾಗಿದ್ದರೆ ಇದನ್ನು ಹೆಂಗಸಿನ ಹಟ ಎಂದು ಕೈಬಿಡುತ್ತಿದ್ದ. ಕಾಕಾ ಎದ್ದು ಹೋಗಿ ಅಟ್ಟದಿಂದ ತಮ್ಮ ಹಳೆಯ ಸರಪಳಿ ಇಳಿಸಿದರು!

ಅಂದಿನಿಂದ ಊರಿನಲ್ಲಿ ನೆರಳಿನ ಮೋಜಣಿ ಶುರುವಾಯಿತು. ದೊಡ್ಡ ಹಾಳೆಯ ಮೇಲೆ ಓಣಿ, ತಿರುವು, ಹಿಟ್ಟಿನ ಗಿರಣಿ, ಸಂತೆಯ ಬಯಲು ಎಲ್ಲ ಬರೆದರು. ನೆರಳಿದ್ದಲ್ಲಿ ನೀಲಿ ಪೆನ್ಸಿಲ್, ಇಲ್ಲದಲ್ಲಿ ಬಿಳಿ. ಬಿಳಿ ಜಾಗಕ್ಕೆ ಅವರಿಟ್ಟ ಹೆಸರು ‘ಬೋಳು’. ಮನೆ ಮನೆಯ ಮುಂದೆ ಗಡಿಯಾರ ನೋಡುತ್ತ, ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತ ಕೂತರು. ಗೆರೆ ಕಂಡ ಮಂದಿ ರಸ್ತೆ ಅಗಲವಾಗುತ್ತದೆಂದು ಹೆದರಿ ರಾತ್ರೋರಾತ್ರಿ ಅಳಿಸಿದರು. ಕಾಕಾ ಮರುದಿನ ಮತ್ತೆ ಎಳೆದರು. ಒಂದು ತಿಂಗಳಲ್ಲಿ ಓಣಿಯವರಿಗೆ ರೂಢಿಯಾಗಿ, ‘ಕಾಕಾ, ಹತ್ತಕ್ಕ ಬ್ಯಾಂಕಿಗೆ ಹೋಗಬೇಕು, ಯಾವ ಬಾಜು ಹೋಗಲಿ?’ ಎಂದು ಕೇಳತೊಡಗಿದರು. ‘ಒಂಬತ್ತೂ ನಲವತ್ತಕ್ಕ ಹೊಂಡು. ಎಡಕ್ಕ ಹಿಡಿ. ಮಾತಾಡಕೋತ ನಿಂತಿ ಅಂದ್ರ ನಾ ಜವಾಬ್ದಾರ ಅಲ್ಲ’ ಎಂದು ಕಾಕಾ ಹೇಳುತ್ತಿದ್ದರು, ಬಸ್‌ಸ್ಟ್ಯಾಂಡಿನ ವಿಚಾರಣೆ ಖಿಡಕಿಯಂತೆ.

ನೆರಳಿನಲ್ಲಿ ಜಾತಿ ಎಷ್ಟು ಎಂದು ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಅರ್ಧ ಕಣ್ಣು ಮುಚ್ಚಿ, ಕಾಕಾ ಹೇಳಿದರು: “ಹುಣಸಿ ನೆರಳು ಮಂದ. ಕುಂತ್ರ ಏಳಾಕ ಮನಸಾಗೂದಿಲ್ಲ. ಬೇವಿಂದು ಜರಡಿ ಹಿಡದಂಗ, ಗಾಳಿ ಬಿಟ್ರ ಅದರಂಥಾದ್ದಿಲ್ಲ. ಮಣ್ಣಿನ ಗ್ವಾಡಿ ನೆರಳು ತಾಯಿ ಇದ್ದಂಗ. ಸಿಮೆಂಟ್ ಗ್ವಾಡಿದು ಮುಂಜಾನೆ ತಂಪು ಕೊಟ್ಟಂಗ ಮಾಡಿ ಸಂಜಿಕೆ ಬೆನ್ನು ಸುಡತೈತಿ.”

“ತಗಡಿನ ನೆರಳು, ಕಾಕಾ?”

“ಏ, ಅದು ನೆರಳ ಅಲ್ಲ ಬಿಡವಾ! ಬಿಸಲಿನ ಖಾಸಾ ತಮ್ಮ ಅದು!”

ಆಮೇಲೆ ಒಂದು ಮಾತು ಹೇಳಿದರು. “ಊರಂದ್ರ ಪಡಸಾಲಿ ಇದ್ದಂಗ ಇರಬೇಕು. ಮನಿಯಿಂದ ಸಂತಿಗೆ ಹೋಗೂದಂದ್ರ ಒಳಮನಿಯಿಂದ ಪಡಸಾಲಿಗೆ ಬಂದಂಗ ಆಗಬೇಕು. ಚಪ್ಪಲಿ ನೆನಪ ಆಗಬಾರ್ದು ನೋಡು.” ಹೇಳುವಾಗ ಅವರ ಕಣ್ಣು ಎಲ್ಲೋ ಇತ್ತು. ಇನ್ನೂ ನೆಡದ ಗಿಡಗಳ ನೆರಳು ಅವರ ಮೇಲೆ ಬಿದ್ದಂತೆ ನನಗೆ ಕಂಡಿತು. ಒಮ್ಮೆ ಕಾಕುವೊಬ್ಬಳನ್ನು ಬಿಟ್ಟು ನಾವೆಲ್ಲ ಕೂಡಿ ಕಿತ್ತೂರಿಗೆ ಹೋದೆವು. ನಾವು ಕೋಟೆ ನೋಡಿದೆವು, ಕಾಕಾ ಕೋಟೆಯ ನೆರಳು ನೋಡಿದರು. ಹಾಳು ಗೋಡೆಯ ಬುಡದಲ್ಲಿ ಕೈಯಿಟ್ಟು, ‘ಕ್ವಾಟಿ ಬಿದ್ದೈತಿ, ನೆರಳು ಇನ್ನೂ ಗಟ್ಟಿ ಐತಿ’ ಎಂದು ಒಪ್ಪಿಗೆ ಕೊಟ್ಟು ಅಲ್ಲೇ ನಿದ್ದೆ ಹೋದರು.

ಮಾಗಿಯ ಚಳಿಯಲ್ಲಿ ನಕಾಶೆ ಮುಗಿಯಿತು. ಮನೆಯಿಂದ ಸಂತೆಯವರೆಗೆ ಹೆಚ್ಚುಕಡಿಮೆ ಎಲ್ಲ ನೀಲಿ! ತೆಂಕಣ ಸಾಲಿನ ಮನೆಗಳ ನೆರಳು ರಸ್ತೆಯ ಮೇಲೆ ಜಮಖಾನೆ ಹಾಸಿದಂತೆ ಬಿದ್ದಿತ್ತು. ಕಾಕಾ ನಕಾಶೆಯನ್ನು ನನ್ನ ಮುಂದೆ ಹರವಿ, “ನೀ ಭೂಗೋಳದಾಕಿ. ತಪ್ಪಿದ್ರ ಹೇಳು” ಎಂದರು. ನಾನು ಮೇಲಿಂದ ಕೆಳಗೆ ಕಣ್ಣಾಡಿಸಿ, ಗತ್ತಿನಿಂದ ಕೆಂಪು ಪೆನ್ನು ತೆಗೆದು, ಮೂಲೆಯಲ್ಲಿ ಸರಿ ಗುರುತು ಹಾಕಿ ಸಹಿ ಮಾಡಿದೆ. ಆದರೆ ಕಾಕುವಿಗೆ ಅವಸರವಿರಲಿಲ್ಲ. ಉಪ್ಪಿನಕಾಯಿಯ ಮಾವಿನಕಾಯಿ ಬರಲಿ, ಆಗ ಹೋಗುತ್ತೇನೆ ಎಂದಳು. ಮಾವಿನಕಾಯಿ ವೈಶಾಖದಲ್ಲಿ ಬಂತು. ಸಂತೆಯ ದಿನ ಕಾಕು ಇಳಕಲ್ ಸೀರೆ ಉಟ್ಟು, ಕೋಲು ಹಿಡಿದು, ಚೀಲ ಹಿಡಿದು ಹೊಸ್ತಿಲಿಗೆ ಬಂದಳು. ಬಂದು ನಿಂತೇ ಇದ್ದಳು. ರಸ್ತೆಯ ತುಂಬ ಬಿಸಿಲು.

“ನೆರಳೆಲ್ಲೈತ್ರಿ?”

ಕಾಕಾ ಬಗ್ಗಿ ನೋಡಿದರು. ಮಾಗಿಯಲ್ಲಿ ರಸ್ತೆ ತುಂಬಿದ್ದ ನೆರಳು ಮುದುಡಿಕೊಂಡು ಮನೆಗಳ ಬುಡಕ್ಕೆ ಸರಿದಿತ್ತು.

“ಗಟಾರದಾಗೈತಿ” ಎಂದರು ಸಣ್ಣ ದನಿಯಲ್ಲಿ.

“ಹಂಗಾರ ಗಟಾರದಾಗ ನಡಕೋತ ಹೋಗಲೇನ?”

ಸೂರ್ಯ ಮಾಗಿಯಲ್ಲಿ ದಕ್ಷಿಣಕ್ಕಿರುತ್ತಾನೆ, ವೈಶಾಖದಲ್ಲಿ ನೆತ್ತಿಗೆ ಬರುತ್ತಾನೆ. ಎಂಟನೆಯ ಇಯತ್ತೆಯ ಮಕ್ಕಳಿಗೆ ವರ್ಷಾ ವರ್ಷಾ ನಾನೇ ಕಲಿಸುವ ಪಾಠ! ಕಾಕಾ ನಿಧಾನವಾಗಿ ನನ್ನ ಕಡೆ ತಿರುಗಿ, “ಏನವಾ ಭೂಗೋಳ?” ಎಂದರು. ಆ ವರ್ಷ ಅವರ ಮನೆಯಲ್ಲಿ ಉಪ್ಪಿನಕಾಯಿ ಹಾಕಲಿಲ್ಲ.

ಗೋಡೆಗಳನ್ನು ನಂಬಿ ಕೆಟ್ಟೆವು, ಇನ್ನು ಗಿಡಗಳೇ ಗತಿ ಎಂದು ಕಾಕಾ ತೀರ್ಮಾನಿಸಿದರು. ಬೋಳು ಇದ್ದಲ್ಲೆಲ್ಲ ಬೇವು, ಹೊಂಗೆ. ಆದರೆ ಮಂದಿಯ ಮನೆಯ ಮುಂದೆ ಗಿಡ ನೆಡುವುದು ಮಂದಿಯ ಮನೆಗೆ ಹೆಣ್ಣು ಕೊಟ್ಟಷ್ಟೇ ಕಷ್ಟ. ಎಲೆ ಬೀಳುತ್ತವೆ, ಬೇರು ಗೋಡೆ ಒಡೆಯುತ್ತದೆ, ಹಕ್ಕಿ ಹೇಸಿಗೆ ಮಾಡುತ್ತವೆ, ಒಬ್ಬೊಬ್ಬರದು ಒಂದೊಂದು ತಕರಾರು. ತಿರುವಿನ ಕಿರಾಣಿ ಅಂಗಡಿಯವ ಅಂತೂ ಕೈ ಅಡ್ಡ ಇಟ್ಟು ನಿಂತ.

“ಗಿಡ ದೊಡ್ಡದಾದ್ರ ನನ್ನ ಅಂಗಡಿ ಬೋರ್ಡ್ ಕಾಣೂದಿಲ್ರಿ, ಕಾಕಾ.”

“ನಿಮ್ಮಪ್ಪನ ಕಾಲದಿಂದ ಇದ ಜಾಗಾದಾಗ ಅದೀಯಲ್ಲೋ! ಬೋರ್ಡ್ ಓದಿಕೊಂಡು ಬರತಾರೇನು ಮಂದಿ? ನೆರಳಿಗೆ ನಿಂತಾವ ಸುಮ್ನ ನಿಂದರೂದಿಲ್ಲ, ಏನರೆ ತಗೊಂಡ ತಗೋತಾನ.”

ಅವನು ಬಗ್ಗಲಿಲ್ಲ. ಕಾಕಾ ಸೋತ ಮುಖ ಮಾಡಿಕೊಂಡು ಮನೆಗೆ ಬಂದರು. ಕಾಕು ಸೂರ್ಯ ಮುಳುಗುವವರೆಗೆ ಕಾದಳು. ಆಮೇಲೆ ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಖಣ, ಅರಿಷಿಣ ಕುಂಕುಮ ಇಟ್ಟುಕೊಂಡಳು. ಅದರ ನಡುವೆ ಗೇಣುದ್ದದ ಬೇವಿನ ಸಸಿ. ನೆಟ್ಟಗೆ ಕಿರಾಣಿಯವನ ಮನೆಗೆ ಹೋಗಿ ಅವನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿಯ ಜೊತೆ ಸಸಿಯೂ ಸೆರಗಿಗೆ ಬಿತ್ತು. ಉಡಿಯಲ್ಲಿ ಬಿದ್ದದ್ದನ್ನು ಬೇಡ ಎನ್ನುವ ಹೆಣ್ಣುಮಗಳು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಬೇಡ ಎನ್ನುವುದಿರಲಿ, ಬಾಡಲಿಕ್ಕೆ ಬಿಟ್ಟರೂ ಮನಸ್ಸಿಗೆ ಕಸಿವಿಸಿ. ಮರುದಿನ ಮುಂಜಾನೆ ಕಿರಾಣಿಯವನೇ ಗುದ್ದಲಿ ಹಿಡಿದು, ತನ್ನ ಬೋರ್ಡಿನ ಕೆಳಗೇ, ಬೈಯುತ್ತ ತಗ್ಗು ತೋಡುತ್ತಿದ್ದ!

ಒಂದೊಂದು ಬೋಳಿಗೆ ಒಂದೊಂದು ಉಡಿ. ಕಾಕಾ ಹಗಲು ನಕಾಶೆಯ ಮೇಲೆ ಮನೆ ತೋರಿಸುವುದು, ಕಾಕು ಮುಸ್ಸಂಜೆಗೆ ತಾಟು ಹಿಡಿದು ಹೋಗುವುದು. ಕೊನೆಕೊನೆಗೆ ಅವಳು ಬರುವುದು ಕಂಡರೆ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಆದರೂ ಗಿಡಗಳು ಬೆಳೆದವು. ಹೆಣ್ಣುಮಕ್ಕಳು ಪಾತ್ರೆ ತೊಳೆದ ನೀರು ಹಾಕಿದರು, ಆಡು ಬಂದರೆ ಕಲ್ಲು ಬೀರಿದರು, ‘ನಿನ್ನದೆಷ್ಟು ಎತ್ತರ ಆತು?’ ಎಂದು ಒಬ್ಬರನ್ನೊಬ್ಬರು ಕೇಳಿದರು. ಐದಾರು ವರ್ಷಗಳಲ್ಲಿ ನಕಾಶೆಯ ಬಿಳಿಯೆಲ್ಲ ಮೆಲ್ಲಗೆ ನೀಲಿಗೆ ತಿರುಗಿತು.

ಅಷ್ಟರಲ್ಲಿ ನಿಜವಾಗಿಯೂ ರಸ್ತೆ ಅಗಲ ಮಾಡುವವರು ಬಂದರು. ಹಿಟ್ಟಿನ ಗಿರಣಿಯ ಮುಂದಿನ ದೊಡ್ಡ ಹುಣಸೆಮರಕ್ಕೆ ಕೆಂಪು ಬಣ್ಣದ ಗುರುತು ಬಿತ್ತು. ಅದು ಹೋದರೆ ಕಾಕುವಿನ ದಾರಿಯ ನಡುವೆಯೇ ಅರವತ್ತು ಹೆಜ್ಜೆ ಬೋಳು. ಕಾಕಾ ಅರ್ಜಿ ಬರೆಯಲಿಲ್ಲ, ಧರಣಿ ಕೂರಲಿಲ್ಲ. ರಸ್ತೆ ಕೆಲಸದ ಸಾಹೇಬರನ್ನು ‘ಹಳೇ ಮೋಜಣಿದಾರ ಅದೇನಿ, ಒಂದೀಟು ಜಾಗಾ ತೋರಸ್ತೇನಿ ಬರ್ರಿ’ ಎಂದು ಚೈತ್ರದ ಮಧ್ಯಾಹ್ನ ಹನ್ನೆರಡೂವರೆಗೆ ಕರೆದರು. ತಾವು ಮಾತ್ರ ಗಿರಣಿಯ ಪಡಸಾಲೆಯ ನೆರಳಿನಲ್ಲಿ ನಿಂತು, ಸಾಹೇಬರನ್ನು ರಸ್ತೆಯ ನಡುವೆ ನಿಲ್ಲಿಸಿ, ಅರ್ಧ ತಾಸು ಗಡಿ ಗುರುತು ವಿವರಿಸಿದರು. ಪಾಪ, ಅವರು ಬೆವರು ಒರೆಸಿಕೊಳ್ಳುತ್ತ ಸರಿದು ಸರಿದು ಹುಣಸೆಯ ಬುಡಕ್ಕೆ ಬಂದು ನಿಂತು, “ಇಲ್ಲೇ ನಿಂತು ಮಾತಾಡೂಣ್ರಿ, ಅಜ್ಜಾರ” ಎಂದರು.

“ಇಲ್ಲಿ ಬ್ಯಾಡ್ರಿ, ಸಾಹೇಬ್ರ. ಈ ಜಾಗಾ ಮುಂದಿನ ತಿಂಗಳ ಇರೂದಿಲ್ಲ. ಹೊಳ್ಳಿ ಅತ್ತಾಗ ನಡೀರಿ, ಅಲ್ಲಿ ರಸ್ತಾ ಅಗಲ ಐತಿ.”

ಸಾಹೇಬರು ಒಮ್ಮೆ ಮೇಲೆ ನೋಡಿದರು, ಒಮ್ಮೆ ರಸ್ತೆ ನೋಡಿದರು, ಆಮೇಲೆ ನಕ್ಕುಬಿಟ್ಟರು. ನಾಲ್ಕು ದಿನ ಬಿಟ್ಟು ಅವರೇ ನಿಂತು ಗಟಾರಿನ ಗೆರೆ ಬದಲಿಸಿದರು. ಇಂದಿಗೂ ಆ ಗಟಾರು ಹುಣಸೆಮರದ ಹತ್ತಿರ ಸೊಂಟ ಬಳುಕಿಸಿ ಹೋಗುತ್ತದೆ.

ಈ ವರ್ಷ ವೈಶಾಖದ ಹೊತ್ತಿಗೆ ಕಾಕಾ ದಾರಿ ತಯಾರಾಯಿತು ಎಂದು ಸಾರಿದರು. ನನ್ನ ಸಹಿ ಕೇಳಲಿಲ್ಲ! ಪರೀಕ್ಷೆಗೆಂದು ಒಂದು ವಾರ ತಾವೇ ಕಾಕುವಿನ ಕೋಲು, ಕಾಕುವಿನ ಚೀಲ ಹಿಡಿದು, ಅವಳಂತೆಯೇ ಕಾಲೆಳೆಯುತ್ತ ಮುಂಜಾನೆ ಎಂಟೂವರೆಗೆ ಸಂತೆಯ ಬಯಲಿನವರೆಗೆ ನಡೆದರು. ಕಂಡವರು ಕಾಕಾನಿಗೆ ಲಕ್ವಾ ಹೊಡೆಯಿತು ಎಂದುಕೊಂಡರು. ಎರಡು ದಿನದಲ್ಲಿ ನಾಲ್ಕು ಮನೆಯವರು ಬಾಳೆಹಣ್ಣು, ಬಿಸ್ಕಿಟು ತೆಗೆದುಕೊಂಡು ಮಾತಾಡಿಸಲು ಬಂದರು. ಕಾಕಾ ಖುಷಿಯಿಂದ ಚಹಾ ಕೊಟ್ಟು, ಎಲ್ಲರಿಗೂ ನಕಾಶೆ ತೋರಿಸಿ ಕಳಿಸಿದರು.

ಸಂತೆಯ ದಿನ ಬಂತು. ಕಾಕಾ ಜೊತೆಗೆ ಬರಕೂಡದು ಎಂದು ಕಾಕುವಿನ ಕರಾರು. ನನಗೆ ಮಾತ್ರ ‘ಬಾ, ಆದ್ರ ಹಿಂದ ಬಾ’ ಎಂದು ಪರವಾನಗಿ ಸಿಕ್ಕಿತು. ಕಾಕಾ ಬಾಗಿಲಲ್ಲಿ ನಿಂತು, ಮಗಳನ್ನು ಪರೀಕ್ಷೆಗೆ ಕಳಿಸುವವರಂತೆ, “ಹುಣಸಿ ಗಿಡದ ಹತ್ರ ಬಲಕ್ಕ ಹಿಡಿ. ಒಂಬತ್ತೂವರಿಗೆ ಹೊಳ್ಳಿ ಬಾ, ಅಲ್ಲೀತನಕ ನೆರಳು ಗಟ್ಟಿ ಇರತೈತಿ” ಎಂದು ಹತ್ತು ಸಲ ಹೇಳಿದರು.

ಕಾಕು ಹೊಸ್ತಿಲು ಇಳಿದಳು. ಏಳು ವರ್ಷದ ಮೇಲೆ ಹಗಲಲ್ಲಿ ಓಣಿಗೆ ಬಂದವಳನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಬೇವಿನೆಲೆಗಳ ಸಣ್ಣ ಸಣ್ಣ ನೆರಳು ಅವಳ ಸೀರೆಯ ಮೇಲೆ ಹರಿದಾಡುತ್ತಿತ್ತು. ಒಂದು ಮರ ಅವಳನ್ನು ಇನ್ನೊಂದು ಮರಕ್ಕೆ ಒಪ್ಪಿಸುತ್ತಿತ್ತು, ಅದು ಮುಂದಿನದಕ್ಕೆ. ಉಡಿಯಲ್ಲಿ ಸಸಿ ಹಾಕಿಸಿಕೊಂಡವರೆಲ್ಲ ಒಬ್ಬೊಬ್ಬರೇ ಬಾಗಿಲಿಗೆ ಬಂದರು. “ಬರ್ರಿ ಅಕ್ಕಾರ, ಕುಂತ ಹೋಗ್ರಿ.” “ನೋಡ್ರಿ, ನಮ್ದು ಮಾಳಿಗಿ ಮುಟ್ಟೇತಿ.” ಕಾಕು ಒಂದೊಂದು ಗಿಡವನ್ನೂ ಕೈಯಿಂದ ಮುಟ್ಟಿದಳು, ಒಂದೊಂದು ಕಟ್ಟೆಯ ಮೇಲೂ ಕೂತಳು. ಕಿರಾಣಿ ಅಂಗಡಿಯ ಬೋರ್ಡು ಈಗ ಎಲೆಗಳಲ್ಲಿ ಮುಚ್ಚಿಹೋಗಿದೆ. ಅದರ ಕೆಳಗೆ ಎಂಟು ಮಂದಿ ನಿಂತಿದ್ದರು, ಅಂಗಡಿಯವನಿಗೆ ತಲೆಯೆತ್ತಲು ಬಿಡುವಿರಲಿಲ್ಲ. ಬೈಲಹೊಂಗಲ ಅಂದು ನನಗೆ ನಿಜವಾಗಿಯೂ ಒಂದು ಉದ್ದನೆಯ ಪಡಸಾಲೆಯಂತೆ ಕಂಡಿತು. ನಾನು ಸೂಟಿ ಸೂಟಿಗೆ ನೋಡುವ ಊರೇ ಇದು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಸಂತೆಯಲ್ಲಿ ಕಾಕು ಬದನೆಕಾಯಿಗಳ ರಾಶಿಯ ಮುಂದೆ ಕೂತು ಒಂದೊಂದನ್ನೇ ತಿರುವಿ ತಿರುವಿ ಆರಿಸಿದಳು. ಮಾತು, ಚೌಕಾಶಿ, ಮತ್ತೆ ಮಾತು. ಹೊರಟಾಗ ಹನ್ನೊಂದೂವರೆ! ಕಾಕಾ ಅವಳು ನಡೆಯುವ ಹೊತ್ತನ್ನು ಅಳೆದಿದ್ದರು, ಮಾತಾಡುವ ಹೊತ್ತನ್ನು ಅಳೆದಿರಲಿಲ್ಲ. ಗಿರಣಿ ದಾಟಿದ ಮೇಲೆ ಸುಮಾರು ದೂರ ನೆರಳೆಲ್ಲ ಮರಗಳ ಬುಡಕ್ಕೆ ಇಳಿದುಹೋಗಿತ್ತು, ರಸ್ತೆ ಬೆಳ್ಳಗೆ ಉರಿಯುತ್ತಿತ್ತು. ನಾನು ಆಟೋ ಕರೆಯಲು ತಿರುಗುವಷ್ಟರಲ್ಲಿ ಕಾಕು ಆ ಬಿಸಿಲಿಗೆ ಇಳಿದು ನಡೆಯತೊಡಗಿದ್ದಳು. ಸೆರಗನ್ನೂ ತಲೆಯ ಮೇಲೆ ಎಳೆದುಕೊಂಡಿರಲಿಲ್ಲ.

“ಕಾಕು! ಬಿಸಲೈತಿ! ಮೈ ಉರಿದೀತು!”

“ಏನೂ ಉರಿಯೂದಿಲ್ಲ, ಬಾ.” ಬಿಸಿಲಿನಲ್ಲೇ ಇದ್ದ ಒಂದು ಕಟ್ಟೆಯ ಮೇಲೆ ಕೂತು ಚೀಲ ಪಕ್ಕಕ್ಕಿಟ್ಟಳು. “ಅದು ವಾಸಿ ಆಗಿ ಆರು ವರ್ಷಾತು.”

ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತೆ. ಈ ಪ್ರಬಂಧವನ್ನು ಕಾಕಾ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಮುಂದಿನದನ್ನು ಬರೆಯುತ್ತಿದ್ದೇನೆ. ಅವರು ನಕಾಶೆ ಬಿಟ್ಟು ಬೇರೇನೂ ಓದುವುದಿಲ್ಲ.

“ನಿಮಗ್ಯಾರಿಗೂ ಗೊತ್ತಿಲ್ಲ,” ಎಂದಳು ಕಾಕು. “ರಿಟೈರ್ ಆದ ಮ್ಯಾಲ ನಿಮ್ಮ ಕಾಕಾ ಮೂರು ತಿಂಗಳ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. ದಾಡಿ ಮಾಡಿಕೊಳ್ಳಿಲ್ಲ, ಊಟ ಅಂದ್ರ ಊಟಿಲ್ಲ. ಇನ್ನ ನಾ ಯಾಕ ಇರಬೇಕು ಅಂತ ಒಂದಿನ ಅಂದಬಿಟ್ರು. ಅವತ್ತಿಂದ ನಾ ಬಾಗಲಕ್ಕ ಅಡ್ಡ ಚಾಪಿ ಹಾಸಿ ಮಲಗಿದ್ನಿ. ಅದ ಹೊತ್ತಿಗೆ ನನಗ ಈ ದದ್ದು ಎದ್ವು. ನೆರಳಿದ್ರ ಹೋಗತೇನಿ ಅಂತ ನಾ ಸಿಟ್ಟಿಲೆ ಅಂದ ಮಾತು. ಅದನ್ನ ಹಿಡಕೊಂಡು ಎದ್ರು ನೋಡವಾ! ವರ್ಷದಾಗ ನನಗ ಆರಾಮಾತು. ಹೇಳಬೇಕಂತ ಒಂದ ಮುಂಜಾನೆ ಹೋದ್ನಿ. ಗುಣುಗುಣು ಹಾಡಕೋತ ಪೆನ್ಸಿಲ್ ಚೂಪ ಮಾಡಾಕ ಹತ್ತಿದ್ರು. ಬಾಗಲದಾಗಿಂದನ ಹೊಳ್ಳಿ ಬಂದ್ನಿ.”

“ಆರು ವರ್ಷ ಸಂತಿ ಬಿಟ್ಟಿಯಲ್ಲಾ, ಕಾಕು! ನಿನಗ ಸಂತಿ ಅಂದ್ರ ಜೀವ ಇತ್ತು.”

“ಸಂತಿ ಏನ್ ಮಾಡ್ತಿ, ಹುಳಕ ಬದನಿಕಾಯಿ ಉಂಡ್ನೆಲ್ಲಾ, ಅದನ್ನ ಹೇಳು!” ಎಂದು ಕಾಕು ನಕ್ಕಳು. ನನಗೆ ನಗು ಬರಲಿಲ್ಲ. ಊರಿನ ತುಂಬ ಗಿಡ ಹಚ್ಚಿದವರು ಯಾರು ಎಂದು ನನಗೆ ಆ ಕಟ್ಟೆಯ ಮೇಲೆ ಗೊತ್ತಾಯಿತು. ಏಳು ವರ್ಷ ನಾನು ನಕ್ಕು ನಕ್ಕು ಸಾಕಾಗಿದ್ದ ಕಥೆಯ ಒಳಗೆ ಇವಳು ಒಬ್ಬಳೇ ಇಷ್ಟು ಹೆದರಿಕೊಂಡು ಕೂತಿದ್ದಳು. ಅವಳ ಕೈ ಹಿಡಿದುಕೊಂಡೆ. ಬಿಸಿಲಿಗೆ ಅದು ಬೆಚ್ಚಗಿತ್ತು.

ಮನೆ ಮುಟ್ಟಿದಾಗ ಕಾಕಾ ಹೊಸ್ತಿಲಲ್ಲೇ ಇದ್ದರು. ನಾವು ಹೋಗುವಾಗ ನಿಂತಿದ್ದಲ್ಲೇ ನಿಂತಿದ್ದರು ಎಂದು ಕಾಣುತ್ತದೆ. ಆದರೆ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಪರೀಕ್ಷೆ ಮುಗಿದು ನಾಳೆಯಿಂದ ಏನು ಮಾಡುವುದು ಎಂದು ತಿಳಿಯದವರ ಮುಖ ಅದು. ನಕಾಶೆಯನ್ನು ಸುರುಳಿ ಸುತ್ತಿ ದಾರ ಕಟ್ಟಿ ಮೂಲೆಗೆ ಇಟ್ಟಾಗಿತ್ತು.

“ಹೆಂಗಾತು?” ಎಂದರು.

ಕಾಕು ಕೋಲು ಗೋಡೆಗೆ ಆನಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಉಸ್ಸೆಂದು ಕೂತಳು. “ಹೋಗೂದೇನೋ ಭಾಳ ಛಲೋ ಆತ್ರಿ. ಹೊಳ್ಳಿ ಬರುವಾಗ ಗಿರಣಿಯಿಂದ ಈಚೆ ಬರೇ ಬಿಸಲು! ಮೈಯೆಲ್ಲಾ ಉರಿಯಾಕ ಹತ್ತೇತಿ. ಹಿಂಗಾದ್ರ ನಾ ಇನ್ನ ಸಂತಿಗೆ ಹೋಗೂದಿಲ್ಲ.”

“ಒಂಬತ್ತೂವರಿಗೆ ಬಾ ಅಂದಿದ್ನೆಲ್ಲ!”

“ಮಂದಿ ಮಾತಾಡಸೂದು ಬ್ಯಾಡೇನು? ಮಧ್ಯಾಹ್ನದ ನೆರಳ ಇಲ್ಲದ್ದು ಅದೆಂಥಾ ದಾರಿ ಮಾಡೀರ್ರಿ?”

“ಹೌದಲ್ಲ!” ಎಂದರು ಕಾಕಾ. “ಹನ್ನೆರಡರ ನೆರಳು ನಾ ಹಿಡದ ಇಲ್ಲ! ಅದಕ್ಕ ಎರಡೂ ಬಾಜು ಗಿಡಾ ಬೇಕು. ಟೊಂಗಿ ಟೊಂಗಿ ಕೂಡಬೇಕು ಮ್ಯಾಲೆ!” ದಾರ ಬಿಚ್ಚುವಷ್ಟೂ ತಾಳ್ಮೆ ಇಲ್ಲದೆ ಹರಿದು, ನಕಾಶೆ ಹರವಿ, ನೀಲಿ ಪೆನ್ಸಿಲಿಗಾಗಿ ಕಿಸೆಯೆಲ್ಲ ತಡಕಾಡಿದರು. ಅದು ಕಿವಿಯ ಮೇಲೇ ಇತ್ತು. ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು, ನನ್ನ ಚಪ್ಪಲಿ ಮೆಟ್ಟಿಕೊಂಡು, ಹನ್ನೆರಡರ ಬಿಸಿಲು ಎಂಬುದನ್ನೂ ಮರೆತು ಓಣಿಗೆ ಇಳಿದರು. ಗುಣುಗುಣು ಹಾಡು ತಿರುವಿನವರೆಗೂ ಕೇಳಿಸಿತು.

ಕಾಕು ಬಾಗಿಲಲ್ಲಿ ನಿಂತು ಅವರು ಮರೆಯಾಗುವವರೆಗೆ ನೋಡಿದಳು. ಆಮೇಲೆ ಒಳಗೆ ಬಂದು, ಈಳಿಗೆಯ ಮುಂದೆ ಕೂತು, ಮೊದಲ ಬದನೆಕಾಯಿ ಕೈಗೆತ್ತಿಕೊಂಡು ನನಗೆ ಹೇಳಿದಳು:

“ಹೋತು ಬಿಡವಾ. ಇನ್ನೊಂದ ಏಳು ವರ್ಷ ಇವರಿಗೆ ಸಾಯಾಕ ಪುರಸೊತ್ತಿಲ್ಲ.”